ಅಜ್ಜಂಪುರ ಅಂದರೆ ಬರುವ ನಾಯಿ

ನಮ್ಮ ಚಿಕ್ಕಪ್ಪ ತಮ್ಮ ನಾಯಿಯನ್ನು ಕರೆದರೆ ಅಜ್ಜಂಪುರಕ್ಕೆ ಹೋಗುವ ಪ್ರಯಾಣಿಕರು ಬರುತ್ತಾರೆ. ಅಜ್ಜಂಪುರದ ಬಸ್ಸಿನವರು ಪ್ರಯಾಣಿಕರನ್ನು ಕರೆದರೆ ನಮ್ಮ ಚಿಕ್ಕಪ್ಪನ ನಾಯಿ ಬರುತ್ತದೆ. ನಂಬುವುದು ಕಷ್ಟ ಅಂತ ನನಗೂ ಗೊತ್ತು. ಬೇಕಾದರೆ ಕಡೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಯಾರನ್ನಾದರೂ ವಿಚಾರಿಸಿ. ನಕ್ಕು ಮುಗಿಸಿದ ಮೇಲೆ ಹೇಳುತ್ತಾರೆ.

ಚಿಕ್ಕಪ್ಪ ಕಡೂರಿನಿಂದ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದವರು. ಮೀಸೆ ಮೂಡುವ ಕಾಲಕ್ಕೆ ಆ ಬಸ್ಸಿನ ಬಾಗಿಲು ಹಿಡಿದವರು, ಮಂಡಿ ಸವೆದು ಮೆಟ್ಟಿಲು ಹತ್ತಲಾರದೆ ಮನೆಗೆ ಬಂದು ಕೂತರು. ಅವರು ಬಸ್ಸು ಬಿಟ್ಟರು, ಬಸ್ಸು ಅವರನ್ನು ಬಿಡಬೇಕಲ್ಲ? ಮದುವೆ ಮನೆಯ ಊಟದ ಹಾಲ್‌ನ ಬಾಗಿಲಲ್ಲಿ ನಿಂತು, "ಒಳಗ್ ನಡೀರಿ, ಒಳಗ್ ನಡೀರಿ, ಹಿಂದೆ ಖಾಲಿ ಐತೆ" ಎನ್ನುತ್ತಾರೆ. ನಿಜಕ್ಕೂ ಹಿಂದೆ ಖಾಲಿ ಇರುತ್ತದೆ, ಅದೇ ಆಶ್ಚರ್ಯ. ಒಮ್ಮೆ ಮಠದಲ್ಲಿ ಪಾದಪೂಜೆಯ ದಿನ ನೂಕುನುಗ್ಗಲಾದಾಗ ಸ್ವಾಮಿಗಳಿಗೇ, "ಬುದ್ಧೀ, ಒಂಚೂರು ಆ ಕಡೆ ಸರ್ಕೊಂಡ್ರೆ ಇನ್ನಿಬ್ರು ಕೂರ್ತಾರೆ" ಅಂದುಬಿಟ್ಟರು. ನಮಗೆಲ್ಲ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸ್ವಾಮಿಗಳು ದೊಡ್ಡವರು, ಸರಿದು ಕೂತರು.

ಇಂಥವರ ಮನೆಗೆ ಒಂದು ನಾಯಿಮರಿ ಬಂತು. ತರೀಕೆರೆಯಲ್ಲಿರುವ ಚಿಕ್ಕಮ್ಮನ ಅಕ್ಕನ ಮನೆಯಲ್ಲಿ ಹುಟ್ಟಿದ್ದು. ಕಡಲೆಕಾಯಿ ಸಿಪ್ಪೆಯ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡಿದ್ದು. ದೊಡ್ಡದಾಗುತ್ತದೆ ಅಂತ ಎಲ್ಲರೂ ಕಾದೆವು. ಅದು ಆಗಲೇ ಇಲ್ಲ. ಇಷ್ಟು ಚಿಕ್ಕದಿದೆಯಲ್ಲ ಅಂತ ಚಿಕ್ಕಪ್ಪ ಅದಕ್ಕೆ 'ಚಿಲ್ಲರೆ' ಎಂದು ಹೆಸರಿಟ್ಟರು.

ಮನೆ ಇರುವುದು ಬಸ್ಸು ಲಾರಿಗಳು ತಿರುಗಿಸಿಕೊಳ್ಳುವ ಬೀದಿಯಲ್ಲಿ. ಕರೆದ ತಕ್ಷಣ ಬರದ ನಾಯಿ ಅಲ್ಲಿ ಬಹಳ ಕಾಲ ಬಾಳುವಂತಿಲ್ಲ. ಹಾಗಾಗಿ ಚಿಕ್ಕಪ್ಪ ಮೊದಲ ದಿನದಿಂದಲೇ ಪಾಠ ಶುರುಮಾಡಿದರು. ಜಗಲಿಯ ಮೇಲೆ ನಿಂತು, "ಚಿಲ್ಲರೆ, ಬಾ. ಚಿಲ್ಲರೇ, ಬಾರೋ" ಎಂದು ಕೂಗಿದರೆ ಅದು ತಲೆಯೆತ್ತಿ ಅವರನ್ನೊಮ್ಮೆ ನೋಡಿ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನುವ ಹಾಗೆ ಆ ಕಡೆಗೆ ನಡೆದುಬಿಡುತ್ತಿತ್ತು. ಎದುರಿನ ಅಂಗಡಿಯವರು ಒಂದೆರಡು ದಿನ ಸಹಿಸಿಕೊಂಡು ಆಮೇಲೆ, "ನಂ ಹತ್ರಾನೂ ಇಲ್ಲ ಸ್ವಾಮಿ, ಸ್ಕ್ಯಾನ್ ಮಾಡ್ಸಿ" ಎಂದು ಕೂಗಿ ಹೇಳಿದರು.

ಚಿಕ್ಕಮ್ಮ ರೊಟ್ಟಿ ತಟ್ಟುತ್ತಲೇ ತೀರ್ಪು ಕೊಟ್ಟರು. "ಮೂವತ್ತು ವರ್ಷ ಕಂಡಕ್ಟ್ರಾಗಿದ್ದೋರು ನೀವೇ ಹೇಳ್ರಿ, ಚಿಲ್ಲರೆ ಯಾವ ಕಾಲ್ದಲ್ಲಿ ಕೇಳಿದ ತಕ್ಷಣ ಬಂದೈತೆ?"

ಚಿಕ್ಕಪ್ಪ ಸೋಲುವ ಪೈಕಿಯಲ್ಲ. ನಾನು ಅವರ ಬೀದಿಯಲ್ಲೇ ಇರುವವಳು, ಶಾಲೆಯಲ್ಲಿ ಪಾಠ ಹೇಳುವವಳು. ಮಕ್ಕಳನ್ನು ಪಳಗಿಸುವವಳಿಗೆ ನಾಯಿ ಯಾವ ಲೆಕ್ಕ ಅಂತ ನನ್ನನ್ನು ಕರೆಸಿದರು. ನಾನು ಮೊಬೈಲಿನಲ್ಲಿ ವಿಡಿಯೋ ಹುಡುಕಿ ತೋರಿಸಿದೆ. ಹತ್ತಿರ ಬಂದಾಗಲೆಲ್ಲ ತಿನ್ನಲು ಏನಾದರೂ ಕೊಡಬೇಕು, ಬಾಯ್ತುಂಬ ಹೊಗಳಬೇಕು ಎಂದಿತ್ತು. ಚಿಕ್ಕಪ್ಪ ಅಂಗಿಯ ಜೇಬಿನ ತುಂಬ ಬಿಸ್ಕತ್ತಿನ ಚೂರು ತುಂಬಿಕೊಂಡರು. ಚಿಲ್ಲರೆ ಬಂತು, ತಿಂತು, ಹೋಯಿತು. ಮತ್ತೆ ಕರೆದರೆ ಬಿಸ್ಕತ್ತು ಹಿಡಿದ ಕೈ ಯಾವುದು ಅಂತ ದೂರದಿಂದಲೇ ನೋಡಿ, ಕೈ ಖಾಲಿ ಇದ್ದರೆ ಬಿಸಿಲು ಕಾಯಿಸಿಕೊಳ್ಳಲು ಮಲಗುತ್ತಿತ್ತು.

"ಸ್ಟಾಪ್ ಬರೋವರ್ಗೂ ಅಣ್ಣಾ ಅಣ್ಣಾ ಅಂತಾರೆ, ಇಳಿದ್ಮೇಲೆ ತಿರುಗಿ ನೋಡಲ್ಲ. ಪ್ಯಾಸೆಂಜರ್ ಜಾತಿ ಕಣೇ ಇದು" ಎಂದರು ಚಿಕ್ಕಪ್ಪ. ದನಿಯಲ್ಲಿ ಬೇಸರಕ್ಕಿಂತ ಅಭಿಮಾನವೇ ಹೆಚ್ಚಿತ್ತು.

ಆಮೇಲೆ ಯಾರೋ ಹೇಳಿದರೆಂದು ಎಮ್ಮೆದೊಡ್ಡಿಯ ಕಾವಲಿಗೆ ಹೊರಟರು. ಆ ಹುಲ್ಲುಗಾವಲಿನಲ್ಲಿ ಅಮೃತಮಹಲ್ ದನ ಕಾಯುವವರು ಅವರ ಹಳೆಯ ಪರಿಚಯ. ಅಂಥ ಕೊಂಬಿನ, ಅಂಥ ಸಿಟ್ಟಿನ ದನಗಳನ್ನೇ ಕೂಗಿ ಕರೆಯುವವರಿಗೆ ಈ ಬೊಗಸೆ ನಾಯಿ ಒಂದು ಸಮಸ್ಯೆಯೇ? ಆ ಗುಟ್ಟು ಕಲಿತು ಬರುತ್ತೇನೆಂದು ಹೋದವರು ಸಂಜೆ ಸಪ್ಪಗೆ ಬಂದರು.

"ಏನಂದ್ರು ಚಿಕ್ಕಪ್ಪ?"

"ಅವು ಎಲ್ಲಿ ಬತ್ತವೆ ಸ್ವಾಮಿ, ನಾವೇ ಅವುಗಳ ಹಿಂದೆ ಹೋಯ್ತೀವಿ ಅಂದ್ರು."

ಗುಟ್ಟು ಸಿಕ್ಕಿದ್ದು ಕೊನೆಗೆ ಜಗಲಿಯ ಮೇಲೆಯೇ. ಒಂದು ಬೆಳಿಗ್ಗೆ ಚಿಕ್ಕಪ್ಪ ಕಾಫಿ ಕುಡಿಯುತ್ತಾ ಕೂತಿದ್ದರು. ಗಂಟು ಹೊತ್ತ ಇಬ್ಬರು ಹೆಂಗಸರು ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿದ್ದುದು ಕಂಡಿತು. ಹಳೆಯ ಅಭ್ಯಾಸ, ಲೋಟ ಕೆಳಗಿಟ್ಟು ಎದ್ದು ನಿಂತವರೇ, "ಅಜ್ಜಂಪುರ, ಅಜ್ಜಂಪುರ, ಅಜ್ಜಂಪುರಾಆಆ" ಎಂದು ರಾಗ ತೆಗೆದರು. ಮಂಚದ ಕೆಳಗೆ ಮಲಗಿದ್ದ ಚಿಲ್ಲರೆ ಬಾಣದಂತೆ ಬಂದು ಅವರ ಪಾದದ ಬಳಿ ಕೂತು, ಮುಖ ಮೇಲೆತ್ತಿ ನೋಡಿತು.

ಚಿಕ್ಕಪ್ಪ ಕಾಕತಾಳೀಯವನ್ನು ನಂಬುವವರಲ್ಲ. ಪರೀಕ್ಷೆ ಮಾಡಿದರು. "ಚೌಳಹಿರಿಯೂರು" ಎಂದರು; ನೆಟ್ಟಗಿದ್ದ ಕಿವಿ ಅಲ್ಲಾಡಿತು, ಅಷ್ಟೇ. "ದೇವನೂರು" ಎಂದರು, ಆಕಳಿಸಿತು. "ತರೀಕೆರೆ" ಎಂದರು, ತವರೂರು ನೋಡಿ, ಅದಕ್ಕಾದರೂ ಏಳಬೇಕೋ ಬೇಡವೋ? ಏಳಲಿಲ್ಲ. "ಅಜ್ಜಂಪುರ" ಎಂದಾಗ ಮಾತ್ರ ಊಟ ಬಿಟ್ಟು ಬರುತ್ತಿತ್ತು, ಬೆಕ್ಕನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರೂ ಅರ್ಧದಲ್ಲಿ ಬಿಟ್ಟು ಬರುತ್ತಿತ್ತು, ಲಾರಿಯ ಚಕ್ರದ ಮಗ್ಗುಲಿಂದ ಎದ್ದು ಬರುತ್ತಿತ್ತು. ಮಾತಿನಲ್ಲಿ ಆಗದ್ದು ರಾಗದಲ್ಲಿ ಆಗಿತ್ತು. ಮನೆಗೆ ಬಂದ ನೆಂಟರೆಲ್ಲ ಈ ಪ್ರದರ್ಶನ ನೋಡದೆ ಕಾಫಿ ಕುಡಿಯುವಂತಿರಲಿಲ್ಲ.

ಆದರೆ ಈ ವಿದ್ಯೆಗೆ ಎರಡು ಬಾಗಿಲು. ಚಿಕ್ಕಪ್ಪ ಕರೆದಾಗಲೆಲ್ಲ ದಾರಿಹೋಕರು ಯಾರಾದರೂ ಜಗಲಿಗೆ ಬಂದು, "ಬಸ್ಸು ಎಲ್ಲಿ ನಿಂತೈತಣ್ಣ?" ಎಂದು ಕೇಳುತ್ತಿದ್ದರು. ಅತ್ತ ಬಸ್ ಸ್ಟ್ಯಾಂಡಿನಲ್ಲಿ ಯಾವ ಕಂಡಕ್ಟರ್ ಅಜ್ಜಂಪುರ ಎಂದರೂ ಚಿಲ್ಲರೆ ಹೋಗಿ ಅವನ ಕಾಲ ಬಳಿ ಕೂರುತ್ತಿತ್ತು. ಚಿಕ್ಕಪ್ಪ ಕೋಲೂರಿಕೊಂಡು ಅಲ್ಲಿಗೆ ಹೋಗಿ ಬೇಡಿಕೆ ಇಟ್ಟರು.

"ನೀವು ಅಜ್ಜಂಪುರ ಅನ್ನೋ ಬದಲು ಬೇರೆ ಏನಾದ್ರೂ ಅನ್ರಪ್ಪಾ."

"ಏನ್ ಅನ್ನಾಣ ಹೇಳಣ್ಣ. ಊರಿನ ಹೆಸರು ಬದಲಾಯಿಸ್ಬೇಕು ಅಂದ್ರೆ ತಾಲ್ಲೂಕಾಫೀಸಿಗೆ ಅರ್ಜಿ ಕೊಡ್ಬೇಕು."

ಆಗಬೇಕಾದ್ದೇ ಆಯಿತು. ಒಂದು ಭಾನುವಾರ ಮಧ್ಯಾಹ್ನ ಚಿಲ್ಲರೆ ಕಾಣಲಿಲ್ಲ. ಟೀ ಅಂಗಡಿಯವರು, ಅದು ಹೊಸ ಕಂಡಕ್ಟರನ ಹಿಂದೆಯೇ ಬಸ್ಸು ಹತ್ತಿದ್ದನ್ನು ಕಂಡೆವು ಎಂದರು. ಆ ಹುಡುಗನಿಗೆ ಫೋನು ಮಾಡಿದರೆ, "ಹೌದಣ್ಣ, ಒಂದು ನಾಯಿ ಸೀಟಿನ ಕೆಳಗಿತ್ತು. ಯಾರದೋ ಪ್ಯಾಸೆಂಜರ್‌ದು ಅಂದ್ಕೊಂಡೆ. ಅಜ್ಜಂಪುರದಲ್ಲಿ ಎಲ್ಲರ ಜೊತೆ ಇಳಿದು ಹೋಯ್ತು" ಎಂದ.

ಚಿಕ್ಕಪ್ಪ ಚಪ್ಪಲಿ ಮೆಟ್ಟಿಯಾಗಿತ್ತು. ಮಂಡಿಯ ಮಾತೆತ್ತಿದ ಚಿಕ್ಕಮ್ಮನಿಗೆ, "ಅದಕ್ಕೇನೇ ಗೊತ್ತು, ಇಳಿಯೋದು ಕಲ್ತದೆ, ವಾಪಸ್ ಬರೋದು ನಾನು ಕಲಿಸೇ ಇಲ್ಲ" ಎಂದರು. ಜೊತೆಗೆ ನಾನು ಹೊರಟೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಅವರು ಹಲ್ಲು ಕಚ್ಚಿಕೊಂಡದ್ದನ್ನು ನೋಡಿಯೂ ನೋಡದಂತಿದ್ದೆ.

ಅಜ್ಜಂಪುರದಲ್ಲಿ ಇಳಿದ ಮೇಲೆ ತೊಡಕು ಶುರುವಾಯಿತು. ನಾಯಿಯನ್ನು ಕರೆಯಬೇಕು, ಕರೆಯುವುದು ಹೇಗೆ? ಚಿಕ್ಕಪ್ಪ ಒಂದು ಕ್ಷಣವೂ ಅನುಮಾನಿಸದೆ ಪೇಟೆ ಬೀದಿಯ ನಡುವೆ ನಿಂತು, "ಅಜ್ಜಂಪುರ, ಅಜ್ಜಂಪುರ, ಅಜ್ಜಂಪುರಾಆಆ" ಎಂದು ಕೂಗಿದರು.

ತರಕಾರಿ ಕೊಳ್ಳುತ್ತಿದ್ದವರೊಬ್ಬರು ಹತ್ತಿರ ಬಂದು ಮೆಲ್ಲಗೆ, "ಯಜಮಾನ್ರೇ, ಇದೇ ಅಜ್ಜಂಪುರ ಕಣ್ರೀ. ನೀವು ಇಳ್ಕೊಂಡಾಗೈತೆ" ಎಂದರು. ಇನ್ನೊಬ್ಬರು ಕುರ್ಚಿ ತಂದು ಹಾಕಿದರು. ಸೋಡಾ ಅಂಗಡಿಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ಯಾವಾಗಿಂದ ಹಿಂಗೆ? ಶಿವಮೊಗ್ಗದಲ್ಲಿ ಒಳ್ಳೆ ಡಾಕ್ಟ್ರವ್ರೆ" ಎಂದಳು. ನಾನು ನಾಯಿಯ ಕಥೆ ಹೇಳಿದೆ. ಆಕೆ ಈ ಸಲ ನನ್ನ ಮುಖವನ್ನೂ ಅದೇ ಕನಿಕರದಿಂದ ನೋಡಿದಳು.

ಚಿಕ್ಕಪ್ಪ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಬೀದಿ ಮುಗಿಸಿ ಇನ್ನೊಂದಕ್ಕೆ ತಿರುಗಿದರು. ಕುಂಟುತ್ತಾ ನಡೆಯುವುದು, ನಿಲ್ಲುವುದು, ಕೂಗುವುದು, ಕಿವಿಗೊಡುವುದು. ಹುಡುಗರು ಹಿಂದೆ ಬಂದು ಅಣಕಿಸಿದರು. ಅವರನ್ನು ನೋಡಿ ನಕ್ಕು, "ನೀವೂ ಕೂಗ್ರೋ, ಇನ್ನೂ ದೂರ ಕೇಳಿಸ್ತದೆ" ಎಂದರು. ನನಗೆ ನಾಚಿಕೆಯಾಗುತ್ತಿದ್ದುದು ನಿಜ. ಆದರೆ ಬಿಸಿಲು ಇಳಿಯುವ ಹೊತ್ತಿಗೆ ಆ ನಾಚಿಕೆ ಎಲ್ಲಿ ಹೋಯಿತೋ, ನಾನೂ ಜೊತೆಗೆ ಕೂಗುತ್ತಿದ್ದೆ. ಅವರ ಗಂಟಲು ಒಡೆದು ದನಿ ಗರಗರ ಅನ್ನತೊಡಗಿತ್ತು. ಮುಚ್ಚಿದ ಅಂಗಡಿಯೊಂದರ ಕಟ್ಟೆಯ ಮೇಲೆ ಕೂತು ನೀರು ಕುಡಿದು, "ಇದೊಂದು ಬೀದಿ ಕಣ್ ಪುಟ್ಟಿ" ಎಂದು ಮತ್ತೆ ಎದ್ದರು.

ಆ ಬೀದಿಯಲ್ಲಿ ಒಂದು ಬಾಗಿಲು ತೆರೆದು ವಯಸ್ಸಾದ ಹೆಂಗಸೊಬ್ಬರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಕಣ್ಣು ಅಷ್ಟಾಗಿ ಕಾಣದು. ದನಿ ಬಂದ ದಿಕ್ಕಿಗೆ ಮುಖ ಮಾಡಿ ಕೇಳಿದರು.

"ಕಡೂರು ಬಸ್ಸಿನ ಕಂಡಕ್ಟ್ರಲ್ವೇನಪ್ಪಾ?"

ಚಿಕ್ಕಪ್ಪ ಕೂಗುವುದನ್ನು ನಿಲ್ಲಿಸಿದರು.

"ನಾನು ಕಣಪ್ಪ, ಬೆಳಗಿನ ಬಸ್ಸಿಗೆ ಬೀರೂರಿಗೆ ಹೂ ಒಯ್ತಿದ್ದೋಳು. ಹೂ ಬಾಡ್ತದೆ ಅಂತ ನನ್ನ ಬುಟ್ಟೀನ ಬಸ್ಸಿನ ಮೇಲಕ್ಕೆ ಹಾಕಿಸ್ದೆ ಕಾಲ ಹತ್ರನೇ ಇಡಿಸ್ತಿದ್ರಲ್ಲ. ಬಸ್ಸು ದಿನಾ ಬತ್ತದೆ, ನಿಮ್ಮ ದನಿ ಮಾತ್ರ ಕೇಳ್ತಿರ್ಲಿಲ್ಲ. ಹೋಗ್ಬಿಟ್ರೇನೋ ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಎದುರು ಮನೆಯಿಂದ ಟೈಲರ್ ಒಬ್ಬರು ಅಳತೆ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಬಂದರು. ಓದುವಾಗ ಆ ಬಸ್ಸಿನಲ್ಲೇ ಹೋಗುತ್ತಿದ್ದರಂತೆ; ಪರೀಕ್ಷೆಯ ದಿನ ತಡವಾಗಿ ಎದ್ದಾಗ ಚಿಕ್ಕಪ್ಪ ಬಸ್ಸು ನಿಲ್ಲಿಸಿಕೊಂಡು ಮನೆಯ ಬಾಗಿಲಿಗೇ ಬಂದು ಕರೆದರಂತೆ. ಮಗುವನ್ನು ಎತ್ತಿಕೊಂಡ ಒಬ್ಬಾಕೆ ಬಂದಳು, ಕಾಲೇಜಿಗೆ ಹೋಗುವಾಗ ತನ್ನನ್ನು ಚುಡಾಯಿಸಿದವರನ್ನು ಚಿಕ್ಕಪ್ಪ ದಾರಿಯಲ್ಲೇ ಇಳಿಸಿದ್ದನ್ನು ನೆನಪಿಸಿಕೊಂಡಳು. ಮತ್ತೆ ಯಾರು ಯಾರೋ. ನಾಯಿಯ ವಿಷಯ ತಿಳಿದ ಮೇಲೂ ಯಾರೂ ನಗಲಿಲ್ಲ. ಬ್ಯಾಟರಿ ಹಿಡಿದು, ಸಂದಿಗೊಬ್ಬರು ಬೀದಿಗೊಬ್ಬರು ಹೊರಟರು. ಸ್ವಲ್ಪ ಹೊತ್ತಿಗೆಲ್ಲ ಟೈಲರ್ ಫೋನು ಮಾಡಿದರು. ಈರುಳ್ಳಿ ಮಂಡಿಯ ಮೂಟೆಗಳ ಹಿಂದೆ ಒಂದು ಚಿಕ್ಕ ನಾಯಿ ನಡುಗುತ್ತಾ ಕೂತಿದೆ, ಕೈಗೆ ಸಿಗುತ್ತಿಲ್ಲ.

ನಾವು ಹೋದೆವು. ಚಿಕ್ಕಪ್ಪನ ಗಂಟಲಿನಲ್ಲಿ ಏನೂ ಉಳಿದಿರಲಿಲ್ಲ. ಮೂಟೆಗಳ ಮುಂದೆ ಕಷ್ಟಪಟ್ಟು ಮಂಡಿಯೂರಿ, ಪಕ್ಕದಲ್ಲಿದ್ದ ನನಗೂ ಸರಿಯಾಗಿ ಕೇಳಿಸದ ಹಾಗೆ, ಬರೀ ಉಸಿರಿನಲ್ಲಿ ಊರಿನ ಹೆಸರು ಹೇಳಿದರು. ಚಿಲ್ಲರೆ ಬಂತು.

ಕಡೂರಿನ ಬಸ್ಸಿನಲ್ಲಿ ಅದು ಅವರ ತೊಡೆಯ ಮೇಲೆ ಮುದುರಿ ಮಲಗಿತು. ಚಿಕ್ಕಪ್ಪ ದಾರಿಯುದ್ದಕ್ಕೂ ಅದರ ಮಡಚಿದ ಕಿವಿಯನ್ನು ಸವರುತ್ತಾ ಕೂತಿದ್ದರು. ಬೀರೂರಿನ ದೀಪಗಳು ಕಂಡಾಗ ನನ್ನ ಕಡೆ ಬಾಗಿದರು.

"ಅಷ್ಟು ಜನ ಬಂದ್ರಲ್ಲ ಪುಟ್ಟಿ, ಅವರಲ್ಲಿ ಒಬ್ಬರ ಹೆಸರೂ ನಂಗೊತ್ತಿಲ್ಲ ಕಣೇ."

ಹಾಗೆಂದು ಕಿಟಕಿಯ ಕಡೆ ತಿರುಗಿ, ನಾಯಿಗೆ ಎಚ್ಚರವಾಗದಂತೆ ಒಂದು ಕೈಯನ್ನು ಬಿಡಿಸಿಕೊಂಡು ಕಣ್ಣೊರೆಸಿಕೊಂಡರು.