ನೂರಾ ಒಂದನೆಯ ಆವೃತ್ತಿ

ಎಲ್ಲ ತಾಪತ್ರಯ ಶುರುವಾದದ್ದು ಒಂದು ಸೊನ್ನೆಯಿಂದ. ಆ ಸೊನ್ನೆಯನ್ನು ಕೊಟ್ರೇಶ ತಾನೇ ಕೈಯಾರೆ, ಬೆಳಿಗ್ಗೆ ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಒತ್ತಿದ್ದ.

ಕೊಟ್ರೇಶ ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಎರಡು ದಿನ ಇದ್ದು, ಉಂಡು, ಹೋಗುವವನು ಎಂದು ನೀವು ತಿಳಿದಿರಬಹುದು. ಇವನು ಏಳು ವರ್ಷಗಳಿಂದ ಅತಿಥಿ. ಕಾಯಂ ನೌಕರಿ ಇಲ್ಲದ ಗಂಡಿಗೆ ಹೆಣ್ಣು ಕೊಡುವ ಮನೆ ಆ ಸೀಮೆಯಲ್ಲಿ ಒಂದೂ ಉಳಿದಿರಲಿಲ್ಲ. ಅವನ ತಾಯಿ ಫಕ್ಕೀರವ್ವ ಕನ್ಯಾ ನೋಡಿ ಬಂದ ಊರುಗಳನ್ನೆಲ್ಲ ಜೋಡಿಸಿದರೆ ಒಂದು ಬಸ್ಸಿನ ರೂಟೇ ಆಗುತ್ತಿತ್ತು. ಎಲ್ಲ ಕಡೆಯೂ ಅವಲಕ್ಕಿ, ಚಹಾ ಕೊಟ್ಟು, ನೌಕರಿ ಕಾಯಂ ಆದಮೇಲೆ ಬನ್ನಿ ಎಂದು ಕಳಿಸಿದ್ದರು.

ಆ ಕಾಯಂ ನೌಕರಿ ಅಂದು ಮಧ್ಯಾಹ್ನ ಹಾವೇರಿಯಲ್ಲಿ ಅವನಿಗಾಗಿ ಕಾದಿತ್ತು. ಅಲ್ಲಿಯ ಖಾಸಗಿ ಕಾಲೇಜಿನಲ್ಲಿ ಒಂದೇ ಒಂದು ಹುದ್ದೆ, ಅದರ ಸಂದರ್ಶನ. ಶರತ್ತು ಏನೆಂದರೆ, ಅಭ್ಯರ್ಥಿ ತಾನೇ ಬರೆದ ಮಾಡ್ಯೂಲೊಂದನ್ನು, ಅಂದರೆ ಯಾರು ಬೇಕಾದರೂ ಬಳಸಬಹುದಾದ ಪುಟ್ಟ ಪ್ರೋಗ್ರಾಮನ್ನು, ಲೋಕಕ್ಕೆ ಬಿಡುಗಡೆ ಮಾಡಿರಬೇಕು, ಸಂದರ್ಶನದವರು ತಮ್ಮ ಕಂಪ್ಯೂಟರಿನಲ್ಲಿ ಒಂದೇ ಒಂದು ಕಮಾಂಡ್ ಕೊಟ್ಟರೆ ಅದು ಬಂದು ಕೂಡಬೇಕು.

ಕೊಟ್ರೇಶನ ಮಾಡ್ಯೂಲು ತಯಾರಿತ್ತು. ಎಕರೆ, ಗುಂಟೆ, ಆಣೆಗಳನ್ನು ತಪ್ಪಿಲ್ಲದೆ ಕೂಡಿಸುವ, ಪಾಲು ಹಾಕುವ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಮಾಡ್ಯೂಲು. ಅದನ್ನು ಲೋಕಕ್ಕೆ ಬಿಡುವುದಕ್ಕೆ ಎರಡು ಸಲಕರಣೆಗಳಿವೆ. ಕಪ್ಪು ಪರದೆಯ ಮೇಲೆ ಒಂದು ಕಮಾಂಡ್ ಕೊಟ್ಟರೆ ಮೊದಲನೆಯದು ಮಾಡ್ಯೂಲನ್ನು ಗಂಟು ಕಟ್ಟುತ್ತದೆ. ಇನ್ನೊಂದು ಕಮಾಂಡ್ ಕೊಟ್ಟರೆ ಎರಡನೆಯದು ಗಂಟನ್ನು ಅಂತರ್ಜಾಲದ ಸಾರ್ವಜನಿಕ ಉಗ್ರಾಣಕ್ಕೆ ಏರಿಸುತ್ತದೆ. ಮೆಣಸಿನಕಾಯಿ ಚೀಲದ ಬಾಯಿ ಹೊಲಿದು, ನಂಬರು ಹಚ್ಚಿ, ಪೇಟೆಗೆ ಕಳಿಸಿದ ಹಾಗೆ. ಒಮ್ಮೆ ಏರಿದ ಆವೃತ್ತಿಯ ನಂಬರನ್ನು ಮತ್ತೆ ಬಳಸುವಂತಿಲ್ಲ. ಈ ಒಂದು ಭಯಕ್ಕೇ ಕೊಟ್ರೇಶ ತಿಂಗಳುಗಟ್ಟಲೆ ತಿದ್ದುತ್ತ, ಕೊನೆಯ ದಿನದವರೆಗೆ ಅದನ್ನು ಏರಿಸದೆ ಇಟ್ಟುಕೊಂಡಿದ್ದ. ಇವನ ಧೈರ್ಯವೇ ಅಷ್ಟು.

ಮೊದಲ ಆವೃತ್ತಿಗೆ ಎಲ್ಲರೂ ಕೊಡುವಂತೆ ಅವನೂ ಸೊನ್ನೆ ಪಾಯಿಂಟ್ ಒಂದು ಎಂದು ನಂಬರು ಕೊಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಡಾಕಪ್ಪ ಪೇಪರು ಓದಲು ಬಂದವನು ಕನ್ನಡಕ ಏರಿಸಿ ಪರದೆಯನ್ನು ಇಣುಕಿ ನೋಡಿದ. ಓಣಿಯ ಶುಭಕಾರ್ಯಗಳೆಲ್ಲ ಡಾಕಪ್ಪನ ಸಲಹೆಯಿಂದಲೇ ನಡೆಯುತ್ತವೆ, ಕೇಳಿದರೂ ಸರಿ, ಕೇಳದಿದ್ದರೂ ಸರಿ.

"ಸೊನ್ನಿ ಇಟ್ಟು ಯಾರರೆ ಚಲೋ ಕೆಲಸ ಶುರು ಮಾಡ್ತಾರೇನೋ? ಮದುವ್ಯಾಗ ಆಯೇರಿ ಮಾಡೂಮುಂದ ನೂರಾ ಒಂದು ಇಡ್ತೀವೋ, ಸೊನ್ನಿ ಇಡ್ತೀವೋ?"

ಫಕ್ಕೀರವ್ವ ಅಡುಗೆಮನೆಯಿಂದ ಓಡಿ ಬಂದಳು. ಇದು ಮದುವೆಯಲ್ಲಿ ಮುಯ್ಯಿ ಮಾಡುವ ಆಯೇರಿಯಲ್ಲ, ಬರೀ ಆವೃತ್ತಿಯ ನಂಬರು ಎಂದು ಕೊಟ್ರೇಶ ಪರಿಪರಿಯಾಗಿ ಹೇಳಿದ. ನಂಬರು ಎಂದಮೇಲೆ ಮುಗಿಯಿತು, ನಂಬರಿಗೂ ಒಳ್ಳೆಯದು ಕೆಟ್ಟದ್ದು ಇರುತ್ತದೆ ಎಂದ ಡಾಕಪ್ಪ.

"ನೂರಾ ಒಂದು ಹಾಕೋ ಕೊಟ್ರ್ಯಾ," ಎಂದು ಫಕ್ಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನ ಸಲುವಾಗಿ ನಾ ಎಷ್ಟು ಮನಿ ಹೊಸ್ತಲಾ ತುಳದೇನಿ, ನಿನಗ ಗೊತ್ತೈತಿ. ಒಂದ ಒಂದು ಮಾತು ಕೇಳು."

ಹೆತ್ತ ತಾಯಿ ಕಣ್ಣೀರು ಹಾಕಿದಮೇಲೆ ಪೈಥಾನ್ ಏನು ಮಾಡೀತು? ಕೊಟ್ರೇಶ ನೂರಾ ಒಂದು ಎಂದು ತಿದ್ದಿ, ಅವರಿಬ್ಬರ ಕಣ್ಣ ಮುಂದೆಯೇ ಗಂಟು ಕಟ್ಟಿದ. ಫಕ್ಕೀರವ್ವ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದಳು.

ಕೊಟ್ರೇಶ ತೀರ ದಡ್ಡನೇನಲ್ಲ, ಗಂಟು ಕಟ್ಟಿದನೇ ಹೊರತು ಏರಿಸಲಿಲ್ಲ. ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ ತರಲು ರಾಣೆಬೆನ್ನೂರಿಗೆ ಹೋಗಲೇಬೇಕಿತ್ತು. ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಂಬರನ್ನು ಮತ್ತೆ ಸೊನ್ನೆ ಪಾಯಿಂಟ್ ಒಂದಕ್ಕೆ ತಂದು, ಇನ್ನೊಂದು ಗಂಟು ಕಟ್ಟಿದ. ಅವ್ವನಿಗೆ ಅವ್ವನ ನಂಬರು, ಲೋಕಕ್ಕೆ ಲೋಕದ ನಂಬರು ಎಂದು ತನ್ನ ಜಾಣತನಕ್ಕೆ ತಾನೇ ನಕ್ಕ. ಒಂದೇ ಫೋಲ್ಡರಿನಲ್ಲಿ ಈಗ ಎರಡು ಗಂಟುಗಳಿದ್ದವು. ಹಳೆಯದನ್ನು ಕಾಲೇಜಿನಲ್ಲಿ ಅಳಿಸಿದರಾಯಿತು ಎಂದುಕೊಂಡ.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥ ಮಾಲತೇಶಪ್ಪನವರು ಪತ್ರಕ್ಕೆ ಸಹಿ ಹಾಕುವ ಮೊದಲು ವಿಷಯವೇನೆಂದು ಕೇಳಿದರು. ಕೊಟ್ರೇಶ ಬಾಯಿ ತಪ್ಪಿ ಬಿಡುಗಡೆಯ ಸುದ್ದಿ ಹೇಳಿಬಿಟ್ಟ. ಮಾಲತೇಶಪ್ಪನವರು ಕಾಲೇಜಿಗೆ ಬಂದಂದಿನಿಂದ ಪ್ರಿಂಟರನ್ನು, ನೀರಿನ ಫಿಲ್ಟರನ್ನು, ಸೈಕಲ್ ನಿಲ್ದಾಣದ ತಗಡಿನ ಚಾವಣಿಯನ್ನು ಕೂಡ ಉದ್ಘಾಟಿಸಿದವರು.

"ನಮ್ಮ ವಿಭಾಗದಾಗ ಹುಟ್ಟಿದ್ದು ಲೋಕಾರ್ಪಣ ಆಗೂಮುಂದ ನಾ ಮೂಲ್ಯಾಗ ನಿಂತು ನೋಡಬೇಕೇನು?"

ಹತ್ತು ನಿಮಿಷದಲ್ಲಿ ಸ್ಟಾಫ್ ರೂಮು ಸಭೆಯಾಯಿತು. ಯಾರೋ ಹೂವಿನ ಹಾರ ತಂದರು, ಯಾರೋ ಮೊಬೈಲು ಹಿಡಿದು ನಿಂತರು. ಇತಿಹಾಸದವರೊಬ್ಬರು ಚಹಾದ ಜೊತೆ ಮಿರ್ಚಿ ಬರುತ್ತದೋ ಇಲ್ಲವೋ ಎಂದು ವಿಚಾರಿಸಿದರು. ಕೊಟ್ರೇಶ ಅವಸರದಲ್ಲಿ ಏರಿಸುವ ಕಮಾಂಡನ್ನು ಟೈಪ್ ಮಾಡಿದ. ಫೋಲ್ಡರಿನಲ್ಲಿ ಇರುವುದನ್ನೆಲ್ಲ ಏರಿಸು ಎಂಬುದು ಅದರ ಅರ್ಥ. ಇನ್ನು ಹಳೆಯ ಗಂಟನ್ನು ಅಳಿಸಬೇಕು ಎಂದು ಬೆರಳೆತ್ತುವಷ್ಟರಲ್ಲಿ ಮಾಲತೇಶಪ್ಪನವರು ಮುಂದೆ ಬಂದರು. ಸರ್, ಒಂದು ನಿಮಿಷ ತಡೀರಿ ಎಂದ ಕೊಟ್ರೇಶ. ಫೋಟೋದವನು ಹೂಂ ಎಂದ. ಸರ್ ಎಂಟರ್ ಒತ್ತಿದರು. ಚಪ್ಪಾಳೆ ಬಿತ್ತು.

ಕೊಟ್ರೇಶ ಪರದೆ ನೋಡಲು ತಿರುಗಿದರೆ ಕೊರಳಿಗೆ ಹಾರ ಬಿತ್ತು. ಹಾರ ಸರಿಸುವಷ್ಟರಲ್ಲಿ ಮಾಲತೇಶಪ್ಪನವರು ಲ್ಯಾಪ್‌ಟಾಪನ್ನು ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ, ಫೋಟೋಕ್ಕಾಗಿ ಅವನಿಗೆ ಹಸ್ತಾಂತರಿಸಿದರು. ಬಳಿಕ ಭಾಷಣವಾಯಿತು. ಭಾಷಣ ಮುಗಿದಾಗ ಹಾವೇರಿಯ ಬಸ್ಸು ಹೊರಡುವುದರಲ್ಲಿತ್ತು. ಅವನು ಹಾರವನ್ನು ಚೀಲಕ್ಕೆ ತುರುಕಿಕೊಂಡು ಓಡಿದ. ಬಸ್ಸಿನಲ್ಲಿ ಎರಡು ಕಾಲೂರಲೂ ಜಾಗವಿರಲಿಲ್ಲ, ಲ್ಯಾಪ್‌ಟಾಪ್ ತೆರೆಯುವ ಮಾತು ದೂರ ಉಳಿಯಿತು.

ಹಾವೇರಿಯಲ್ಲಿ ಸಂದರ್ಶನದ ಮೇಜಿನ ಹಿಂದೆ ಇಬ್ಬರಿದ್ದರು. ಒಬ್ಬರು ಸಂಸ್ಥೆಯ ಅಧ್ಯಕ್ಷ ಗುಡದಪ್ಪನವರು, ಜಮೀನೂ ದೊಡ್ಡದು, ಅಂಗಡಿಯೂ ದೊಡ್ಡದು. ಇನ್ನೊಬ್ಬರು ಕಂಪ್ಯೂಟರ್ ತಜ್ಞೆ ತರನ್ನುಮ ಮೇಡಂ. ಮೇಡಂ ಕಮಾಂಡ್ ಕೊಟ್ಟರು, ಮಾಡ್ಯೂಲು ಬಂದು ಕೂತಿತು. ಗುಡದಪ್ಪನವರು ಗಳಗನಾಥದ ಕಡೆಯ ತಮ್ಮ ಹೊಲಗಳನ್ನು ಒಂದೊಂದಾಗಿ ಹೇಳಿದರು. ಅಣ್ಣತಮ್ಮಂದಿರು ಮಾತು ಬಿಡುವಷ್ಟು ಜಗಳಾಡಿದ್ದ ಲೆಕ್ಕ ಆಣೆಗೆ ಆಣೆ ಸರಿಯಾಗಿ ಬಂತು. ಕೊಟ್ರೇಶನ ಎದೆ ಹಗುರಾಯಿತು.

ಆಗ ತರನ್ನುಮ ಮೇಡಂ ಹುಬ್ಬು ಗಂಟಿಕ್ಕಿ ಪರದೆಯನ್ನು ಅವನ ಕಡೆ ತಿರುಗಿಸಿದರು.

"ಸೊನ್ನೆ ಪಾಯಿಂಟ್ ಒಂದು ಇವತ್ತ ಬಿಡುಗಡೆ ಆಗೇತಿ. ಅದ ನಿಮಿಷಕ್ಕ ನೂರಾ ಒಂದನೇದೂ ಬಂದೈತಿ. ಎರಡರಾಗೂ ಒಂದಕ್ಷರ ಫರಕ್ ಇಲ್ಲ. ನಡುವಿನ ನೂರು ಎಲ್ಲಿ ಹೋದುವ್ರಿ?"

ಕೊಟ್ರೇಶ ಎರಡೂ ಸಾಲು ಓದಿದ. ಸುಳ್ಳು ಹೇಳಲು ಬಾಯಿ ತೆರೆದ, ಸುಳ್ಳು ಹೊಳೆಯಲಿಲ್ಲ. ಬೆಳಗಿನ ಸೊನ್ನೆ, ಡಾಕಪ್ಪ ಕಾಕಾ, ಅವ್ವನ ಕಣ್ಣೀರು, ಮಾಲತೇಶಪ್ಪನವರ ಎಂಟರ್, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಒಪ್ಪಿಸಿಬಿಟ್ಟ. ಮೇಡಂ ನಗು ತಡೆಯಲು ನೀರು ಕುಡಿದರು. ತನ್ನ ಕತೆ ಮುಗಿಯಿತು ಎಂದು ಅವನಿಗೆ ಖಾತ್ರಿಯಾಯಿತು.

ಗುಡದಪ್ಪನವರು ಮಾತ್ರ ನಗಲಿಲ್ಲ. "ಅವ್ವ ಹೇಳಿದ್ಲು ಅಂತ ನೂರಾ ಒಂದು ಹಾಕಿದಿ?"

"ಹೌದ್ರಿ."

"ಇಷ್ಟು ಓದಿದಾಂವ, ಅವ್ವನ ಮಾತು ಮೀರಲಿಲ್ಲ. ಇಂಥಾ ಹುಡುಗರು ಈಗ ಎಲ್ಲಿ ಸಿಗ್ತಾರ್ರಿ ಮೇಡಂ?" ಎಂದು ಅವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಮುಂದಿನ ಪ್ರಶ್ನೆಗಳು ಪೈಥಾನಿನ ಮೇಲೆ ಇರಲಿಲ್ಲ. ಮನೆತನ ಯಾವುದು, ತಾಯಿಯ ತವರು ಎಲ್ಲಿ, ಹೊಲ ಎಷ್ಟು, ಮದುವೆ ಆಗಿದೆಯೋ ಇಲ್ಲವೋ. ಕಾಗಿನೆಲೆ ಎಂದು ತವರಿನ ಹೆಸರು ಕೇಳಿದ ಕೂಡಲೇ ಅವರ ಮುಖ ಅರಳಿತು. ಅಲ್ಲಿ ಅವರಿಗೂ ಬಳಗವಿತ್ತು. ಅವರು ಪೆನ್ನು ತೆಗೆದು, ಅಭ್ಯರ್ಥಿಗಳ ಪಟ್ಟಿಯಲ್ಲಿ ಕೊಟ್ರೇಶನ ಹೆಸರಿನ ಮೇಲೆ ನೆಟ್ಟಗೆ ಗೀಟು ಎಳೆದರು.

ಕೊಟ್ರೇಶನಿಗೆ ಏನೂ ತಿಳಿಯಲಿಲ್ಲ. "ಯಾಕ್ರೀ?"

"ನಮ್ಮ ತಂಗಿ ಮಗಳು ಕಾವೇರಿ ಅಂತ ಅದಾಳ. ನಿನಗ ಅಕಿ, ಅಕಿಗೆ ನೀನು, ಜೋಡಿ ಚಲೋ ಆಗ್ತೈತಿ. ಆದ್ರ ಸಂಬಂಧಿಕರನ್ನ ಕೆಲಸಕ್ಕ ತಗೊಳ್ಳೂಹಂಗಿಲ್ಲ ಅಂತ ಸಂಸ್ಥಾದ ನಿಯಮ ಐತಿ. ನಿಯಮ ಮಾಡಿದಾಂವ ನಾನ. ನಾನ ಮುರಿಯಾಕ ಬರೂದಿಲ್ಲ."

ಕೊಟ್ರೇಶನಿಗೆ ನೌಕರಿ ಹೋದ ದುಃಖ ಒಂದು ಕಡೆ, ಇಷ್ಟು ವರ್ಷ ಅವ್ವ ತುಳಿದ ಹೊಸ್ತಿಲುಗಳ ಪುಣ್ಯ ಕಡೆಗೂ ಫಲಿಸಿತಲ್ಲ ಎಂಬ ಸಂತೋಷ ಇನ್ನೊಂದು ಕಡೆ. ಹೋದರೆ ಹೋಯಿತು, ಅರ್ಧವಾದರೂ ದಕ್ಕಿತು ಎಂದು ಅವನು ನಾಚಿಕೊಂಡೇ, ಅವ್ವನನ್ನು ಕರೆದುಕೊಂಡು ಕನ್ಯಾ ನೋಡಲು ಯಾವಾಗ ಬರಬೇಕೆಂದು ಕೇಳಿದ.

"ಲಗೂನ ಬರ್ರಿ," ಎಂದರು ಗುಡದಪ್ಪನವರು. "ಆದ್ರ ನಮ್ಮ ತಂಗೀದು ಒಂದ ಹಟ. ಕಾಯಂ ನೌಕರಿ ಇದ್ದಾಂವಗ ಅಷ್ಟ ಮಗಳನ್ನ ಕೊಡಾಕಿ. ಎಲ್ಲೆರೆ ಒಂದು ನೌಕರಿ ಹಿಡದು ಬಂದುಬಿಡು ತಮ್ಮಾ."

ಬಾಗಿಲ ಹೊರಗೆ ಕಾದಿದ್ದ ಮುಂದಿನವನನ್ನು ಅವರು ಒಳಗೆ ಕರೆದರು.