ಮುಕುಂದಯ್ಯನವರನ್ನು ನಾನರಿಯೆ

೧೯೬೩ರಲ್ಲಿ ನನಗೆ ಬೇಕಾಗಿದ್ದುದು ಇಪ್ಪತ್ತು ಚೀಲ ಸಿಮೆಂಟು. ಮಳೆ ಹಿಡಿಯುವ ಮೊದಲು ಹೊಸನಗರದ ನನ್ನ ಮಳಿಗೆಗೆ ಗಾರೆನೆಲ ಹಾಕಿಸದಿದ್ದರೆ, ಮಣ್ಣುನೆಲದ ಮೇಲಿದ್ದ ಎಂಬತ್ತು ಚೀಲ ಉಪ್ಪು ನೀರಾಗುತ್ತಿತ್ತು. ಲಿಂಗನಮಕ್ಕಿ ಅಣೆಕಟ್ಟಿಗೆ ಹೋಗಿ ಉಳಿದ ಸಿಮೆಂಟು ಪರ್ಮಿಟ್ ಇದ್ದವರಿಗೆ ಮಾತ್ರ. ಪರ್ಮಿಟ್ ಬರೆಯುವ ಗುಮಾಸ್ತ ಮುಕುಂದಯ್ಯ ಹನ್ನೊಂದು ವರ್ಷದಿಂದ ನನ್ನ ಅಂಗಡಿಯ ಉಪ್ಪು ತಿಂದವನು. ಕೆಲಸ ಆದಂತೆಯೇ ಅಂದುಕೊಂಡೆ.

ಅದೇ ವಾರ ಪರ್ಮಿಟ್ ಕಚೇರಿಗೆ ಬಯಲುಸೀಮೆಯಿಂದ ಹೊಸ ಸಾಹೇಬರು ಬಂದರು. ಅವರು ಬಸ್ಸಿಳಿಯುತ್ತಲೇ ಜವಾನ ಬೆಳ್ಳಪ್ಪ ನಮ್ಮ ಕಡೆಯ ಪದ್ಧತಿಯಂತೆ ಯಾವೂರು, ಮಕ್ಕಳೆಷ್ಟು, ಹೆಂಡತಿಯ ತವರು ಯಾವುದು ಎಂದು ವಿಚಾರಿಸಿ, ಎಲೆಅಡಿಕೆ ಚಾಚಿ, ಹೊಟ್ಟೆ ಲಾಯ್ಕಾಗಿ ಬೆಳೆದಿದೆ ಎಂದು ಮೆಚ್ಚಿದನಂತೆ. ಮರುದಿನ ಆದೇಶ ಹೊರಟಿತು:

‘ಅರ್ಜಿ ಸ್ವೀಕರಿಸುವ ಮುನ್ನ ಅರ್ಜಿದಾರನೂ ಗುಮಾಸ್ತನೂ ಅಪರಿಚಿತರಿಗೆ ತಕ್ಕ ಗೌರವದಿಂದ ಒಂದೊಂದು ಮೆಚ್ಚುಗೆಯನ್ನು ವಿನಿಮಯ ಮಾಡಿಕೊಳ್ಳತಕ್ಕದ್ದು. ಮೆಚ್ಚುಗೆಯು ಎದುರಿನವರ ವಸ್ತುವಿನ ಕುರಿತಿರಬೇಕೇ ಹೊರತು ದೇಹದ ಕುರಿತಲ್ಲ. ಅವರಿಗೆ ಮಾತು ಬೇಡವೆನಿಸಿದಲ್ಲಿ ಮೂರು ಹೆಜ್ಜೆ ಹಿಂದೆ ಸರಿಯತಕ್ಕದ್ದು. ಪರಿಚಿತರಿಗೆ ಈ ನಿಯಮ ಅನ್ವಯಿಸದು.’

ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಪರಿಚಿತರ ಅರ್ಜಿಯನ್ನು ಹೇಗೆ ಸ್ವೀಕರಿಸಬೇಕೆಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಹೊಸನಗರದಲ್ಲಿ ಯಾರಿಗೂ ಪರಿಚಯವಿಲ್ಲದವರು ಸಾಹೇಬರೊಬ್ಬರೇ.

ಮುಕುಂದಯ್ಯನೇ ದಾರಿ ತೋರಿಸಿದ. “ನಮ್ಮಿಬ್ರಿಗೆ ಪರಿಚಯ ಇಲ್ಲ ಅಂತ ಶಾನುಭೋಗರ ಹತ್ರ ಬರೆಸ್ಕಂಡು ಬಾ ಮಾರಾಯ. ಇಬ್ರು ಸಾಕ್ಷಿ ಬೇಕು. ನಮ್ಮಿಬ್ರನ್ನೂ ಚೆನ್ನಾಗಿ ಬಲ್ಲವರೇ ಆಗ್ಬೇಕು.”

ಬರೆಸಿ ತಂದೆ. ತಮ್ಮ ಲೇಖನಿ ಬಹಳ ಚೆನ್ನಾಗಿದೆ ಎಂದೆ. ತಮ್ಮ ಕೊಡೆ ಗಟ್ಟಿಮುಟ್ಟಾಗಿದೆ ಎಂದ. ಕೊಡೆ ಅವನದೇ, ಹೋದ ಮಳೆಗಾಲದಲ್ಲಿ ನಾನು ಎರವಲು ತಂದದ್ದು.

ಅರ್ಜಿ ಒಳಗೆ ಹೋಯಿತು. ನಾಲ್ಕು ದಿನಕ್ಕೆ, ಮಳಿಗೆಯ ಅಳತೆ ಬರೆದಿಲ್ಲವೆಂದು ಹಿಂದಿರುಗಿತು. ಬರೆದುಕೊಂಡು ಹೋದರೆ ಮುಕುಂದಯ್ಯ ಹಳೆಯ ದೃಢೀಕರಣವನ್ನು ಪಕ್ಕಕ್ಕೆ ತಳ್ಳಿದ. ಸೋಮವಾರ ಮಾತಾಡಿದ್ದರಿಂದ ನಾವೀಗ ಪರಿಚಿತರಂತೆ; ಹೊಸತು ಬೇಕಂತೆ.

ಹೀಗೆ ಒಂಬತ್ತು ಸಲ. ನಡುವೆ ಬೀದಿಯಲ್ಲಿ ಎದುರಾದರೆ, ದಾಖಲೆ ಕೆಡಬಾರದೆಂದು ಅವನು ಮುಖ ತಿರುಗಿಸುತ್ತಿದ್ದ, ನಾನು ಮೂರು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಊರೂ ಹೊಂದಿಕೊಂಡಿತು, ಅರ್ಜಿ ಇದ್ದವರೆಲ್ಲ ಗುಮಾಸ್ತರ ಮನೆಗಳನ್ನು ತಪ್ಪಿಸಿ ಅಡ್ಡದಾರಿಯಲ್ಲಿ ನಡೆದರು. ಮುಕುಂದಯ್ಯನ ಮಗಳು ಹೂವಮ್ಮನ ಮದುವೆಗೆ ನನಗೆ ಕರೆ ಬರಲಿಲ್ಲ. ಬಂದಿದ್ದರೆ ಅರ್ಜಿ ಬಿದ್ದುಹೋಗುತ್ತಿತ್ತು. ಅವನ ಉಪಕಾರ.

ಆರ್ದ್ರೆ ಮಳೆ ಹಿಡಿಯಿತು. ಉಪ್ಪು ಹೊಸ್ತಿಲು ದಾಟಿ ಚರಂಡಿ ಸೇರಿತು. ಸ್ಥಳ ಪರಿಶೀಲನೆಗೆ ಬಂದ ಸಾಹೇಬರು, ಮಳಿಗೆ ಬಹಳ ವಿಶಾಲವಾಗಿದೆ ಎಂದು ನಿಯಮದಂತೆ ಮೆಚ್ಚಿ ಹೋದರು.

ಆ ಸಂಜೆ ಅಂಗಡಿಯ ಮುಂದೆ ಮುಕುಂದಯ್ಯ ನಿಂತಿದ್ದ.

“ತಮ್ಮ ತಕ್ಕಡಿ ಚೆನ್ನಾಗಿದೆ. ಎರಡು ಸೇರು ಉಪ್ಪು ಸಿಗಬಹುದೇ?”

“ಉಪ್ಪು ಮುಗಿದಿದೆ. ತಮ್ಮ ಚೀಲವೂ ಚೆನ್ನಾಗಿದೆ. ಯಾವೂರಾಯ್ತು?”

“ಇಲ್ಲೇ, ಹೊಸನಗರ” ಎಂದು ಮೂರು ಹೆಜ್ಜೆ ಹಿಂದೆ ಸರಿದ.

ಒಟ್ಟು ಗಳಿಕೆ: ಸಿಮೆಂಟು ಇಲ್ಲ. ಮೆಚ್ಚುಗೆ ಹನ್ನೊಂದು. ಅಪರಿಚಿತ ಒಬ್ಬ.