ಬಾಗಿಲ ಹಿಂದಿನಿಂದ ಕೊರೆದ ತೂತು

ಗೋಡೆಯಲ್ಲಿ ತಾನು ಅಂದುಕೊಂಡ ಜಾಗದಲ್ಲೇ, ಅಂದುಕೊಂಡ ಅಳತೆಯಲ್ಲೇ ತೂತು ಕೊರೆಯಬಲ್ಲವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯಭಕ್ತಿ. ನನ್ನ ಕೈಯ ತೂತುಗಳು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಬೆಳೆಯುತ್ತವೆ. ಕಡಲೆಕಾಳಿನಷ್ಟು ಸಾಕು ಎಂದು ಶುರುಮಾಡಿದ್ದು ನೋಡನೋಡುತ್ತ ಬೆಲ್ಲದ ಅಚ್ಚಿನಷ್ಟಾಗುತ್ತದೆ. ಮೊಳೆಗಳಿಗೂ ನನಗೂ ಆಗಿಬರುವುದಿಲ್ಲ. ಬೇರೆಯವರ ಕೈಯಲ್ಲಿ ನೆಟ್ಟಗೆ ಹೋಗುವ ಮೊಳೆ ನನ್ನ ಸುತ್ತಿಗೆ ಕಂಡೊಡನೆ ನಮಸ್ಕಾರಕ್ಕೆಂಬಂತೆ ಬಾಗುತ್ತದೆ. ಇಂಥ ನನ್ನ ಸಂಸಾರ ಒಮ್ಮೆ ಎರಡೇ ಎರಡು ತೂತುಗಳ ಮೇಲೆ ನಿಂತಿತ್ತು ಎಂದರೆ ನೀವು ನಂಬಬೇಕು.

ನಮ್ಮ ಸೀಮೆಯನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ಮೂರು ವರ್ಷ ಕಳೆದಿತ್ತು. ನಾನು ಕಲಬುರಗಿಯ ಒಂದು ತೊಗರಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಹೆಂಡತಿ ಮಹಾದೇವಿ ಚೊಚ್ಚಲ ಬಾಣಂತನಕ್ಕೆ ತವರೂರು ಕಮಲಾಪುರಕ್ಕೆ ಹೋಗಿ ಎಷ್ಟೋ ತಿಂಗಳಾಗಿದ್ದವು. ಅಷ್ಟು ದಿನವೂ ನಾನೇ ಬೇಯಿಸಿದ್ದನ್ನು ನಾನೇ ತಿಂದಿದ್ದೆ. ಆ ಕಷ್ಟವನ್ನು ವಿವರಿಸಲಾರೆ. ಕೊನೆಗೊಂದು ಗುರುವಾರ ಅತ್ತೆ ಚೆನ್ನಮ್ಮನವರು ಮಗಳು, ಮೊಮ್ಮಗಳು, ಒಂದು ಬುಟ್ಟಿ ಕೆಂಪು ಬಾಳೆಹಣ್ಣು, ಒಂದು ಸಾಗುವಾನಿ ತೊಟ್ಟಿಲು ಇಷ್ಟನ್ನೂ ಕರೆತಂದು ಟಾಂಗಾದಿಂದ ಇಳಿದರು. ನನಗೆ ಹಬ್ಬ ಬಂದಷ್ಟು ಸಂತೋಷವಾಯಿತು.

ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ. ನಮ್ಮ ಮನೆಗಳಲ್ಲಿ ಆಗ ಅತ್ತೆಯಾದವಳು ಅಳಿಯನ ಎದುರಿಗೆ ಬರುತ್ತಿರಲಿಲ್ಲ, ಅವನೊಡನೆ ನೇರವಾಗಿ ಮಾತನಾಡುತ್ತಿರಲಿಲ್ಲ. ಮದುವೆಯಾದಂದಿನಿಂದ ನಾನು ನಮ್ಮತ್ತೆಯ ದನಿ ಕೇಳಿದ್ದೆ, ಸೆರಗಿನ ಅಂಚು ಕಂಡಿದ್ದೆ, ಅಷ್ಟೆ. ಆ ದನಿ ಈಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಬಂತು.

"ಮಾದೇವಿ, ಅವರಿಗಿ ಹೇಳು. ಛತ್ತಿಗಿ ತೊಲಿ ಇಲ್ಲ, ಕೊಂಡಿ ಇಲ್ಲ, ಬರೀ ಹಾಸಗಲ್ಲು. ತೊಟ್ಟಿಲ ಎಲ್ಲಿ ಕಟ್ಟಬೇಕು? ನೆಲದ ಮ್ಯಾಲ ಚೇಳು ಹರದಾಡ್ತಾವ. ಸೋಮವಾರತನ ನೋಡ್ತೀನಿ. ತೊಟ್ಟಿಲ ಕಟ್ಟಲಿಲ್ಲಂದ್ರ ತಾಯಿ ಮಗಳನ್ನ ಹೊಳ್ಳಿ ಕರ್ಕೊಂಡು ಹೋಗ್ತೀನಿ."

ಮಹಾದೇವಿ ನನ್ನ ಕಡೆ ತಿರುಗಿ, "ಕೇಳಿಸ್ತಲ್ರಿ?" ಎಂದಳು.

ಮಾಳಿಗೆಯಿಂದ ಇಳಿಬಿಡಲು ಆಧಾರವಿಲ್ಲದ್ದರಿಂದ ಎದುರುಬದುರಿನ ಗೋಡೆಗಳಿಗೆ ಒಂದೊಂದು ಗೂಟ ಬಡಿದು, ನಡುವೆ ಹಗ್ಗ ಬಿಗಿದು ತೊಟ್ಟಿಲು ಕಟ್ಟುವುದೆಂದು ತೀರ್ಮಾನವಾಯಿತು. ಗೋಡೆ ಕಟ್ಟುವ ಗೌಂಡಿಯನ್ನು ಕರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕರೆಯಬಹುದಿತ್ತು. ಆದರೆ ಎರಡು ಗೂಟ ಬಡಿಯಲು ಅಳಿಯನಿಗೆ ಆಳು ಬೇಕಾಯಿತು ಎಂಬ ಸುದ್ದಿ ನನಗಿಂತ ಮೊದಲು ಕಮಲಾಪುರ ತಲುಪುತ್ತಿತ್ತು. ಹಾಗಾಗಿ ಉಳಿ, ಸುತ್ತಿಗೆ ಕೇಳಿ ತಂದು ನಾನೇ ನಿಂತೆ. ಗೋಡೆ ಎಲ್ಲಿ ಮೆತ್ತಗಿದೆಯೋ ಅಲ್ಲಿ ಕೊರೆಯುವುದೇ ಜಾಣತನ ಎಂದು ನನ್ನ ನಂಬಿಕೆ. ಬೆರಳಿನಿಂದ ತಟ್ಟಿ ತಟ್ಟಿ ಅಂಥ ಜಾಗ ಹುಡುಕಿ ಹೊಡೆದೆ. ಮಣ್ಣು ಬುಳುಬುಳು ಸುರಿಯಿತು. ಹಿತ್ತಲಿನ ಬೇವಿನ ಹಸಿ ಟೊಂಗೆ ಕಡಿದು ಗೂಟ ಮಾಡಿ, ಸುತ್ತ ಹಳೆಯ ಬಟ್ಟೆ ತುರುಕಿ ಎರಡೂ ಗೋಡೆಗೆ ಬಡಿದೆ. ಕೆಲಸ ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು.

ಈ ತಟ್ಟಾಟ ಕೇಳಿ ಮನೆಯ ಮಾಲೀಕರು ಬಂದು ನಿಂತರು. ಪೊಲೀಸ್ ಆಕ್ಷನ್ ಹೊತ್ತಿನ ಗಲಾಟೆಯ ದಿನಗಳಲ್ಲಿ ಮಂದಿ ಚಿನ್ನವನ್ನು ಗೋಡೆಯಲ್ಲಿ ಮುಚ್ಚಿಟ್ಟು ಊರು ಬಿಟ್ಟಿದ್ದರು; ಹೀಗಾಗಿ ಯಾರಾದರೂ ಗೋಡೆ ತಟ್ಟಿದರೆ ನೋಡುವವರ ಕಣ್ಣು ಹೊಳೆಯುತ್ತಿದ್ದ ಕಾಲವದು. "ಮುನೀಮ್ ಸಾಬ್, ಕುಛ್ ಮಿಲಾ ಕ್ಯಾ?" ಎಂದು ಮೆಲ್ಲಗೆ ಕೇಳಿದರು. ಮಣ್ಣು ಸಿಕ್ಕಿದೆ ಎಂದೆ. ಅವರು ನಂಬಲಿಲ್ಲ. ನನ್ನ ಕೆಲಸ ಮುಗಿಯುವವರೆಗೂ ಕಟ್ಟೆಯ ಮೇಲೆ ಕೂತು ಬೀಡಿ ಸೇದಿದರು.

ಶನಿವಾರದ ಹೊತ್ತಿಗೆ ಹಸಿ ಗೂಟ ಒಣಗಿ ಸಣ್ಣದಾಯಿತು. ಹಗ್ಗ ಬಿಗಿದು ಎಳೆದೆ. ಗೂಟ, ಬಟ್ಟೆ, ಒಂದು ಬುಟ್ಟಿಯಷ್ಟು ಗೋಡೆ, ಮೂರೂ ನನ್ನ ಕಾಲ ಮೇಲೆ ಬಿದ್ದವು. ಬಾಗಿಲ ಹಿಂದೆ ಬಟ್ಟೆ ಮಡಿಸುವ ಸದ್ದು ಕೇಳಿಸಿತು. ಅವು ಮಹಾದೇವಿಯ ಸೀರೆಗಳೆಂದು, ಅತ್ತೆ ಹೊರಡುವ ಗಂಟು ಕಟ್ಟುತ್ತಿದ್ದಾರೆಂದು ನನಗೆ ಗೊತ್ತಾಯಿತು. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು. ಕೂಸು ಆಗಷ್ಟೇ ನನ್ನ ಮುಖ ನೋಡಿ ನಗಲು ಕಲಿತಿತ್ತು.

ಸಿಟ್ಟಿನಿಂದಲೋ ಸಂಕಟದಿಂದಲೋ ಮತ್ತೆ ಉಳಿ ಎತ್ತಿಕೊಂಡು ಹೊಡೆಯತೊಡಗಿದೆ. ಮಡಿಸುವ ಸದ್ದು ನಿಂತಿತು.

"ಮಾದೇವಿ, ಅವರಿಗಿ ಹೇಳು. ಧಬ್ ಅಂತು ನೋಡು, ಅದು ಸಂದಿ. ಅಲ್ಲಿ ಬರೀ ಮಣ್ಣದ. ಒಂದು ಗೇಣು ಮ್ಯಾಲ ಸರೀಲಿ."

ಸರಿದು ಹೊಡೆದೆ. ಟಣ್ ಎಂದಿತು.

"ಹಾಂ, ಅದು ಕಲ್ಲು. ಕಲ್ಲಿನ ನಟ್ಟನಡುವ ಹೊಡೀಲಿ. ಒಂದೊಂದು ಹೊಡತಕ್ಕ ಉಳಿ ತಿರುವಲಿ. ಇಲ್ಲಂದ್ರ ತೂತು ಗುಂಡಗ ಆಗಂಗಿಲ್ಲ."

ಅವರು ನನ್ನನ್ನೂ ನೋಡುತ್ತಿರಲಿಲ್ಲ, ಗೋಡೆಯನ್ನೂ ನೋಡುತ್ತಿರಲಿಲ್ಲ. ಬಾಗಿಲ ಹಿಂದೆ ಕೂತು ಬರೀ ಕಿವಿಯಿಂದ ಕೊರೆಸುತ್ತಿದ್ದರು. ನಾನು ಒಮ್ಮೆ ಬೇಸರಕ್ಕೆ ಉಳಿ ತಿರುವದೆ ಎರಡು ಹೊಡೆತ ಹಾಕಿದೆ; "ತಿರುವಲಿಲ್ಲ" ಎಂದು ತಕ್ಷಣ ಕೇಳಿಸಿತು. ಬೆರಳುದ್ದ ಆಳವಾದ ಮೇಲೆ ಒಲೆಯ ಊದುಗೊಳವೆ ಬಂತು. ತೂತಿನೊಳಗಿನ ಪುಡಿಯೆಲ್ಲ ಊದಿ ತೆಗೆಯಬೇಕಂತೆ, ಪುಡಿಯಿದ್ದರೆ ಗೂಟ ಕಲ್ಲನ್ನು ಹಿಡಿಯುವುದಿಲ್ಲವಂತೆ. ಊದಿದೆ. ಪುಡಿಯೆಲ್ಲ ನನ್ನ ಕಣ್ಣಿಗೇ ಬಂತು. "ಕಣ್ಣು ಮುಚ್ಚಿ ಊದಲಿ ಅನ್ನು" ಎಂಬ ಸಲಹೆ ಸ್ವಲ್ಪ ತಡವಾಗಿ ತಲುಪಿತು.

ಆಮೇಲೆ ಮಹಾದೇವಿಯ ಕೈಯಲ್ಲಿ ಎರಡು ಗೂಟ ಕಳಿಸಿದರು. ಮುರಿದ ಒನಕೆಯ ತುಂಡಿನಿಂದ ತಾವೇ ಕೆತ್ತಿದ್ದರು, ಎಷ್ಟೋ ವರ್ಷ ಒಣಗಿದ ಕಟ್ಟಿಗೆ. ಗೂಟದ ತುದಿಯನ್ನು ಸೀಳಿ, ಆ ಸೀಳಿನಲ್ಲಿ ಒಂದು ಸಣ್ಣ ಬೆಣೆ ಸಿಕ್ಕಿಸಿದ್ದರು. ಗೂಟವನ್ನು ಬಡಿದಂತೆ ಬೆಣೆ ತೂತಿನ ತಳಕ್ಕೆ ತಾಗಿ ಸೀಳಿನೊಳಗೆ ಹೋಗುತ್ತದೆ, ಗೂಟ ಗೋಡೆಯೊಳಗೆ ಕಾಲು ಅಗಲಿಸಿಕೊಂಡು ಕೂತುಬಿಡುತ್ತದೆ. ಬರುವಾಗ ತೆಳ್ಳಗೆ ಬಂದು, ಒಳಗೆ ಹೋದ ಮೇಲೆ ಜಪ್ಪಯ್ಯ ಎಂದರೂ ಹೊರಡದ ನೆಂಟರಿರುತ್ತಾರಲ್ಲ, ಹಾಗೆ. ಯಾರನ್ನೂ ಉದ್ದೇಶಿಸಿ ಈ ಮಾತು ಹೇಳುತ್ತಿಲ್ಲ. ನಾನಂತೂ ಆ ಗೂಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ.

"ನಿಮ್ಮವ್ವ ಇದನ್ನೆಲ್ಲ ಎಲ್ಲಿ ಕಲ್ತಳು?" ಎಂದು ಮಹಾದೇವಿಯನ್ನು ಕೇಳಿದೆ.

ಅವಳು ದನಿ ತಗ್ಗಿಸಿ ಹೇಳಿದಳು. "ಗಲಾಟಿ ಒಳಗ ಅಪ್ಪ ಸೊಲ್ಲಾಪುರದ ಕಡಿ ಹೋಗಿದ್ದ. ಮನ್ಯಾಗ ನಾವು ಹೆಣಮಕ್ಕಳೇ. ಅವ್ವ ಗ್ವಾಡ್ಯಾಗಿನ ಒಂದು ಕಲ್ಲು ಎಬ್ಬಿಸಿ, ಬಂಗಾರ ಒಳಗಿಟ್ಟು, ಕಲ್ಲು ಹೊಳ್ಳಿ ಕೂಡಿಸಿದಳು. ಯಾರಿಗೂ ಸಂಶಯ ಬರಬಾರದಂತ ಅದೇ ಕಲ್ಲಿಗಿ ತೂತು ಕೊರದು ಗೂಟ ಬಡದಳು. ಬಂದೂಕಿನವರು ಮನಿ ಹುಡುಕಲಾಕ ಬಂದ್ರು. ಒಬ್ಬಾಂವ ಅದೇ ಗೂಟಕ್ಕ ಬಂದೂಕು ತಗಲ್ಹಾಕಿ ನೀರು ಕೇಳಿದ. ನಾನೇ ತಂಬಿಗಿ ಒಯ್ದು ಕೊಟ್ಟೀನ್ರಿ. ಅಂವ ಕುಡದು ಹೋಗೋತನ ಅವ್ವ ಆ ಗೂಟ ನೋಡಲೇ ಇಲ್ಲ."

ಬಾಗಿಲಿನ ಕಡೆ ನೋಡಿದೆ. ಸೆರಗಿನ ಅಂಚು ಎಂದಿನಂತೆ ಇತ್ತು. ನಾನು ಉಳಿಯನ್ನು ತಿರುವುತ್ತ, ಒಂದೂ ಹೊಡೆತ ತಪ್ಪಿಸದೆ, ಎದುರುಗೋಡೆಯ ತೂತನ್ನೂ ಮುಗಿಸಿದೆ.

ಸೋಮವಾರ ಬೆಳಿಗ್ಗೆ ತೊಟ್ಟಿಲು ಕಟ್ಟಿದೆವು. ಬರೀ ತೊಟ್ಟಿಲು ತೂಗಬಾರದಲ್ಲ, ಮೊದಲು ಒರಳಿನ ಗುಂಡು ಹಾಕಿ ತೂಗಿದೆವು. ಗೂಟ ಗಟ್ಟಿಯಾಗಿ ನಿಂತಿತು. ನಾನು ಮೀಸೆಯ ಮೇಲೆ ಕೈ ಹಾಕುವಷ್ಟರಲ್ಲಿ ದನಿ ಬಂತು. "ಕಲ್ಲು ಸುಮ್ಮನ ಬಿದ್ದಿರ್ತದ. ಕೂಸು ಕೈಕಾಲು ಝಾಡಸ್ತದ. ಅವರೇ ಕೂತು ನೋಡಲಿ ಅನ್ನು."

ಹೆಂಡತಿ ಮಕ್ಕಳಿಗಾಗಿ ಗಂಡಸು ಏನೇನೋ ಮಾಡುತ್ತಾನೆ. ನಾನು ಧೋತರ ಎತ್ತಿಕಟ್ಟಿ, ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ತೊಟ್ಟಿಲಲ್ಲಿ ಕೂತೆ. ಝಾಡಿಸಲಿ ಅನ್ನು ಎಂದರು, ಝಾಡಿಸಿದೆ. ಮಹಾದೇವಿ ಬಾಯಿಗೆ ಸೆರಗು ಒತ್ತಿಕೊಂಡು ತೂಗಿದಳು. ಬಾಗಿಲ ಹಿಂದೆ ಅತ್ತೆ ಗೂಟದ ಸದ್ದು ಕೇಳುತ್ತಿದ್ದರು. ಆಮೇಲೆ ಬಾಗಿಲು ತೆರೆಯಿತು. ನಮ್ಮತ್ತೆ ಸೀದಾ ನಡುಮನೆಗೆ ಬಂದು, ಒಂದೊಂದೇ ಗೂಟ ಹಿಡಿದು ಅಲ್ಲಾಡಿಸಿ, ನನ್ನ ಮುಂದೆ ನಿಂತರು. ಅವರು ನನಗಿಂತ ಗಿಡ್ಡ ಎಂದು ನನಗೆ ಅಂದೇ ಗೊತ್ತಾದದ್ದು.

"ಇಳೀರಿ ಇನ್ನ," ಎಂದರು. "ಅದು ನನ್ನ ಮೊಮ್ಮಗಳ ಜಾಗ. ಅಕಿ ಇಲ್ಲೇ ಇರ್ತಾಳ."

ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಕೂಡಲೇ ಪಾಲಿಸಬೇಕೆಂದು ಏಳಲು ನೋಡಿದೆ, ಆಗಲಿಲ್ಲ. ಸೊಂಟ ಸಿಕ್ಕಿಕೊಂಡಿತ್ತು. ಕೊನೆಗೆ ಒಂದು ಕೈ ಮಗಳು, ಒಂದು ಕೈ ತಾಯಿ ಹಿಡಿದು, ಬಾವಿಯಿಂದ ಕೊಡ ಸೇದುವಂತೆ ನನ್ನನ್ನು ಎಳೆದರು. ಗೂಟಗಳು ಆಗಲೂ ಅಲುಗಲಿಲ್ಲ.